ಹಬ್ಬಕ್ಕೆ ರೂಮುಂಟು, ಬದುಕಿಗೆ ಮನೆಯಿಲ್ಲ

ಮಡಿಕೇರಿಯಲ್ಲಿ ವಿಜಯದಶಮಿಯ ರಾತ್ರಿಗೆ ಒಂದು ಕೋಣೆ ಬೇಕೆಂದು ಫೋನ್ ಹಚ್ಚಿ ನೋಡಿ. ಎರಡು ಪಟ್ಟೋ ಮೂರು ಪಟ್ಟೋ ದರ ಹೇಳುತ್ತಾರೆ, ಆದರೆ ಸಿಗುತ್ತದೆ. ನೀವು ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ಮುಂಗಡ ಹಣ ಮೊಬೈಲಿನಲ್ಲಿ ಬಂದು ಬಿದ್ದ ಸದ್ದೇ ನಿಮ್ಮ ಕುಲಗೋತ್ರ. ಈಗ ಅದೇ ಊರಿನ ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವವಳು, ಮಂಟಪದ ಕಬ್ಬಿಣದ ಚೌಕಟ್ಟಿಗೆ ವೆಲ್ಡಿಂಗ್ ಮಾಡುವವನು, ಮೆರವಣಿಗೆ ಮುಗಿದ ಬೆಳಿಗ್ಗೆ ಬೀದಿಯ ಕಸ ಬಳಿಯುವ ಪೌರಕಾರ್ಮಿಕ ತಿಂಗಳ ಬಾಡಿಗೆಗೊಂದು ಮನೆ ಹುಡುಕಲಿ. ಮೊದಲನೇ ಪ್ರಶ್ನೆ, ‘ನೀವು ಯಾವ ಜನ?’ ಎರಡನೆಯದು, ‘ಯಾವ ಕಡೆಯವರು?’ ಇವೆರಡನ್ನೂ ದಾಟಿದರೆ ಮೂರನೆಯದು, ‘ಸೀಸನ್ ಹೊತ್ತಿಗೆ ಬಿಡಬೇಕಾಗ್ತದೆ, ಆಗ್ಬೋದಾ?’

ಬಯಲುಸೀಮೆಯ ಊರುಗಳಲ್ಲಾದರೆ ‘ಮಾಂಸ ತಿಂತೀರಾ’ ಎಂದು ಸುತ್ತುಬಳಸಿ ಜಾತಿ ಕೇಳುತ್ತಾರೆ. ಕೊಡಗಿನಲ್ಲಿ ಆ ಮುಸುಕೂ ಬೇಕಿಲ್ಲ. ಇಲ್ಲಿ ಹಂದಿ ಸಾರು ಮರ್ಯಾದಸ್ಥರ ಮನೆಯ ಊಟ. ಹಾಗಾಗಿ ನೇರವಾಗಿಯೇ ಕೇಳುತ್ತಾರೆ.

ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಖಂಡವನ್ನು ಒಮ್ಮೆ ಬಿಡಿಸಿ ಓದಬೇಕು. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ: ಇಲ್ಲೆಲ್ಲ ಜಾತಿ ಧರ್ಮದ ಹೆಸರಿನಲ್ಲಿ ಯಾರನ್ನೂ ತಡೆಯುವಂತಿಲ್ಲ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಒಂದು ರಾತ್ರಿ ತಂಗಲು ಬಂದ ಗಿರಾಕಿಗೆ ಸಂವಿಧಾನದ ರಕ್ಷಣೆಯಿದೆ. ಆ ಗಿರಾಕಿಯ ಹಾಸಿಗೆ ಕೊಡವಿದವಳು ಅದೇ ಬೀದಿಯಲ್ಲಿ ಬಾಡಿಗೆ ಮನೆ ಕೇಳಿದಾಗ ಮನೆ ಮಾಲೀಕನ ಮೂಗಿನ ನೇರಕ್ಕೆ ನ್ಯಾಯ. ಇಷ್ಟು ಸಾಲದೆಂಬಂತೆ 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೇ ಸೀಮಿತ ಮಾಡಿಕೊಳ್ಳುವುದು ತಪ್ಪಲ್ಲ ಎಂದಿತು. ಅಂದಿನಿಂದ ದೇಶದ ಪ್ರತಿ ಜಾತಿಯ ಲೇಔಟಿಗೂ ಸೊಸೈಟಿಗೂ ಒಂದು ಧೈರ್ಯ ಬಂದಂತಾಯಿತು.

2011ರ ಜನಗಣತಿಯ ಪ್ರಕಾರ ಮಡಿಕೇರಿ ನಗರದ ಜನಸಂಖ್ಯೆ ಸುಮಾರು 33 ಸಾವಿರ. ಇಡೀ ಜಿಲ್ಲೆಯದ್ದು ಐದೂವರೆ ಲಕ್ಷ. ದಸರಾ ರಾತ್ರಿ ಊರಿನೊಳಗೆ ಸೇರುವವರು ಊರಿನ ಜನರ ಎಷ್ಟೋ ಪಟ್ಟು. ಆ ರಾತ್ರಿಯ ವೈಭವವನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಬೀದಿಗಿಳಿದು, ಮಹಿಷನನ್ನೋ ಹಿರಣ್ಯಕಶಿಪುವನ್ನೋ ಬೆಳಕು ಹೊಗೆಯ ನಡುವೆ ಕೊಲ್ಲುತ್ತ ಬೆಳಗಿನ ತನಕ ಸಾಗುತ್ತವೆ. ಗಾಂಧಿ ಮೈದಾನದಲ್ಲಿ ವೇದಿಕೆ, ಸರ್ಕಾರದ ಅನುದಾನ, ಮಂತ್ರಿಗಳ ಭಾಷಣ. ಬೆಳಿಗ್ಗೆ ಯಾವ ಮಂಟಪಕ್ಕೆ ಮೊದಲ ಬಹುಮಾನ ಎಂಬ ಜಗಳ.

ಆದರೆ ಈ ಹಬ್ಬದ ಬೇರು ಮಂಟಪದಲ್ಲಿಲ್ಲ, ಕರಗದಲ್ಲಿದೆ. ಹಾಲೇರಿ ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಡಿದು ಜನ ಸಾಯತೊಡಗಿದಾಗ ನಾಲ್ಕು ಮಾರಿಯಮ್ಮಗಳ ಕರಗ ಹೊತ್ತು ಊರು ಸುತ್ತಿದರೆಂದು ಹಿರಿಯರು ಹೇಳುತ್ತಾರೆ. ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ಕಂಚಿ ಕಾಮಾಕ್ಷಿ. ಪಂಪಿನ ಕೆರೆಯಲ್ಲಿ ಪೂಜೆಯಾಗಿ ಇಂದಿಗೂ ಕರಗಗಳು ಹೊರಡುತ್ತವೆ, ನವರಾತ್ರಿಯ ಉದ್ದಕ್ಕೂ ಬೀದಿ ಬೀದಿ ಸುತ್ತಿ ಮನೆಮನೆಯ ಮುಂದೆ ಪೂಜೆ ಪಡೆಯುತ್ತವೆ. ರೋಗದ ದೇವತೆ, ಬಡವರ ದೇವತೆ. ಅವಳು ಅರಮನೆಯಲ್ಲಿ ಕೂರದೆ ಹೊಸ್ತಿಲು ಹೊಸ್ತಿಲಿಗೆ ಬರುವವಳು.

ಬರುತ್ತಾಳೆ, ಸರಿ. ಬಂದಾಗ ಹೊಸ್ತಿಲಲ್ಲಿ ಯಾರಿರುತ್ತಾರೆ? ಪೇಟೆಯ ಹಳೇ ಬೀದಿಗಳಲ್ಲಿ ಒಂದೊಂದೇ ಮನೆ ಹೋಮ್‌ಸ್ಟೇ ಆಗಿದೆ. ಅಜ್ಜಿ ತೀರಿಕೊಂಡ ಮೇಲೆ ಮಕ್ಕಳು ಬೆಂಗಳೂರಿನಿಂದಲೇ ಬುಕಿಂಗ್ ನೋಡಿಕೊಳ್ಳುತ್ತಾರೆ. ಬೀಗದ ಕೈ ಪಕ್ಕದ ಅಂಗಡಿಯಲ್ಲಿ. ಕರಗ ಬಂದು ನಿಂತರೆ ಬಾಗಿಲಲ್ಲಿ ಹರಿವಾಣ ಹಿಡಿದು ನಿಲ್ಲುವವರಿಲ್ಲ, ಮೊಬೈಲ್ ಎತ್ತಿ ಹಿಡಿದ ಅತಿಥಿಗಳಿದ್ದಾರೆ. ಮನೆಯವರು ಅಲ್ಲಿಯೇ ವಾಸವಿದ್ದು ಉಳಿದ ಒಂದೆರಡು ಕೋಣೆಯನ್ನು ಅತಿಥಿಗೆ ಕೊಡುವುದು ಹೋಮ್‌ಸ್ಟೇಯ ಮೂಲ ಷರತ್ತು. ಆ ಷರತ್ತನ್ನು ಎಷ್ಟು ಮನೆಗಳಲ್ಲಿ ಪಾಲಿಸುತ್ತಿದ್ದಾರೆಂದು ಒಂದು ಶನಿವಾರ ಸಂಜೆ ನಡೆದು ನೋಡಿದರೆ ಸಾಕು, ಸಮೀಕ್ಷೆ ಬೇಕಿಲ್ಲ. ಮಾಲೀಕನ ಲೆಕ್ಕ ಸರಳ. ಬಾಡಿಗೆದಾರ ತಿಂಗಳಿಡೀ ಕೊಡುವುದನ್ನು ದಸರಾ, ಕ್ರಿಸ್‌ಮಸ್, ಹೊಸ ವರ್ಷದ ನಾಲ್ಕಾರು ರಾತ್ರಿಗಳು ಕೊಟ್ಟುಬಿಡುತ್ತವೆ. ಹಾಗಿರುವಾಗ ಶಾಲೆಗೆ ಹೋಗುವ ಮಕ್ಕಳಿರುವ, ಗೋಡೆಗೆ ಮೊಳೆ ಹೊಡೆಯುವ, ರಿಪೇರಿ ಮಾಡಿಸಿ ಎಂದು ಪೀಡಿಸುವ ಸಂಸಾರವನ್ನು ಯಾಕೆ ಇಟ್ಟುಕೊಳ್ಳಬೇಕು? ಹನ್ನೊಂದು ತಿಂಗಳ ಕರಾರು ಮುಗಿಯುತ್ತದೆ. ಗೋಡೆಗೆ ಸುಣ್ಣ ಬೀಳುತ್ತದೆ. ಹೊರಗೆ ಇಂಗ್ಲಿಷಿನಲ್ಲಿ ಮಂಜು, ಮೋಡ, ಕಣಿವೆ ಎಂಬರ್ಥದ ಬೋರ್ಡು ಏರುತ್ತದೆ. ನರ್ಸು, ಗುಮಾಸ್ತೆ, ಬಸ್ ಕಂಡಕ್ಟರ್, ಅತಿಥಿ ಶಿಕ್ಷಕಿ ಕುಶಾಲನಗರದ ಕಡೆಗೋ ಇನ್ನೆಲ್ಲಿಗೋ ಇಳಿಯುತ್ತಾರೆ, ದಿನಾ ಘಾಟಿ ಹತ್ತಿ ಬಂದು ದುಡಿಯುತ್ತಾರೆ.

ಅವರಿಗಾದರೂ ಇಳಿಯುವ ದಾರಿಯಿದೆ. ಅದೂ ಇಲ್ಲದವರು ಗುಡ್ಡಕ್ಕೆ ಹತ್ತುತ್ತಾರೆ. ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರ: ಮಡಿಕೇರಿಯ ಬಡವರ ಬಡಾವಣೆಗಳೆಲ್ಲ ಇಳಿಜಾರಿಗೆ ಅಂಟಿಕೊಂಡಿರುವುದು ಚೆಂದದ ನೋಟಕ್ಕಾಗಿ ಅಲ್ಲ. ಸಮತಟ್ಟಾದ ಜಾಗ ಅವರ ಪಾಲಿಗೆ ಉಳಿದಿರಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಜೊತೆಗೆ ಈ ಬಡಾವಣೆಗಳ ಮನೆಗಳೂ ಕುಸಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ, ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದು ಮುಖ್ಯ ಕಾರಣಗಳಲ್ಲೊಂದು ಎಂದರು. ಕಡಿದವರು ಯಾರು, ಮಣ್ಣಿನಡಿ ಸಿಕ್ಕವರು ಯಾರು ಎಂಬ ಲೆಕ್ಕವನ್ನು ಮಾತ್ರ ಯಾವ ಸಂಸ್ಥೆಯೂ ಮಾಡಲಿಲ್ಲ. ಜಂಬೂರು, ಮದೆನಾಡುಗಳಲ್ಲಿ ಪುನರ್ವಸತಿ ಮನೆಗಳ ಕೀಲಿ ಕೈಗೆ ಬರಲು 2020ರ ಜೂನ್ ಆಗಬೇಕಾಯಿತು. ಪ್ರವಾಸಿಗರಿಗೆ ಹಾಕಿದ್ದ ನಿಷೇಧ ತೆಗೆಯಲು ಅಷ್ಟು ಕಾಲ ಹಿಡಿಯಲಿಲ್ಲ. ಈಗಲೂ ಮುಂಗಾರು ಹತ್ತಿರವಾದರೆ ನಗರಸಭೆಯವರು ಆ ಇಳಿಜಾರಿನ ಮನೆಗಳಿಗೆ ನೋಟಿಸು ಹಿಡಿದು ಹೋಗುತ್ತಾರೆ. ಅಪಾಯದ ಜಾಗ, ಖಾಲಿ ಮಾಡಿ. ಎಲ್ಲಿಗೆ ಎಂಬ ಸಾಲು ಆ ನೋಟಿಸಿನಲ್ಲಿ ಇರುವುದಿಲ್ಲ. ಮಳೆ ಮುಗಿಯುತ್ತದೆ, ದಸರಾ ಬರುತ್ತದೆ, ನೋಟಿಸು ಮರೆತುಹೋಗುತ್ತದೆ, ಅದೇ ಮನೆಯ ಹುಡುಗರು ಮಂಟಪದ ಟ್ರ್ಯಾಕ್ಟರಿನ ಹಿಂದೆ ಕುಣಿಯುತ್ತಾರೆ.

ಪೇಟೆಯ ಕತೆ ಇಷ್ಟು. ತೋಟದ ಕತೆ ಇದಕ್ಕಿಂತ ಹಳತು, ಇದಕ್ಕಿಂತ ಹೊಲಸು.

ಕೊಡಗಿನ ಕಾಫಿ ತೋಟಗಳಲ್ಲಿ ‘ಲೈನ್ ಮನೆ’ ಎಂಬುದೊಂದಿದೆ. ಒಂದೇ ಸೂರಿನಡಿ ಸಾಲಾಗಿ ಕೋಣೆಗಳು, ಒಂದೊಂದರಲ್ಲಿ ಒಂದೊಂದು ಸಂಸಾರ. ಯರವರು, ಜೇನುಕುರುಬರು, ತಮಿಳು ಕೂಲಿಗಳು, ಈಚೆಗೆ ಅಸ್ಸಾಮಿನಿಂದ ಬಂದವರು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ ಕೊಡುವುದು ತೋಟದ ಮಾಲೀಕನ ಹೊಣೆ ಎಂದಿತು. ಒಳ್ಳೆಯ ಮಾತು. ಆದರೆ ಆ ವಸತಿ ಕೆಲಸಕ್ಕೆ ಕಟ್ಟಿದ ವಸತಿ. ಕೆಲಸ ಬಿಟ್ಟರೆ, ಸೊಂಟ ಬಿದ್ದುಹೋದರೆ, ಕೂಲಿ ಸಾಲದೆಂದು ಒಂದು ಮಾತು ಜೋರಾಗಿ ಆಡಿದರೆ ಸೂರೂ ಹೋಯಿತು. ಮೂರು ತಲೆಮಾರು ಹೆತ್ತು ಸತ್ತ ಕೋಣೆಯಾದರೂ ಅವರ ಹೆಸರಿನಲ್ಲಿ ಒಂದು ಚೀಟಿಯಿಲ್ಲ. ರೇಷನ್ ಕಾರ್ಡಿಗೆ ವಿಳಾಸ ಬೇಕು, ವಿಳಾಸಕ್ಕೆ ಧಣಿಯ ಸಹಿ ಬೇಕು, ಧಣಿಗೆ ಬಗ್ಗಿದ ಬೆನ್ನು ಬೇಕು.

‘ಉಳುವವನೇ ಹೊಲದೊಡೆಯ’ ಎಂದು ಕನ್ನಡ ನಾಡಿಗೆ ನಾಡೇ ಕೂಗಿದ ಕಾಲವೊಂದಿತ್ತಲ್ಲ. 1974ರಲ್ಲಿ ದೇವರಾಜ ಅರಸರು ತಂದ ಆ ದೊಡ್ಡ ತಿದ್ದುಪಡಿ ಕಾಫಿ ತೋಟದ ಗೇಟಿನ ಹೊರಗೇ ನಿಂತುಬಿಟ್ಟಿತು. ಭೂಸುಧಾರಣಾ ಕಾಯ್ದೆಯ 104ನೇ ಕಲಮು ಪ್ಲಾಂಟೇಷನ್ ಜಮೀನುಗಳನ್ನು ಹೊರಗಿಟ್ಟಿದೆ. ಕಾಫಿ, ಟೀ, ರಬ್ಬರು, ಏಲಕ್ಕಿ, ಮೆಣಸು ಬೆಳೆಯುವ ಜಮೀನಿಗೆ ಮಿತಿಯೂ ಇಲ್ಲ, ಅಲ್ಲಿ ದುಡಿದವನಿಗೆ ಹಕ್ಕೂ ಇಲ್ಲ. ಮಂಡ್ಯದ ಗೇಣಿದಾರ ಒಡೆಯನಾದ. ಕೊಡಗಿನ ಸಿದ್ದಾಪುರದ ಯರವ ಲೈನ್ ಮನೆಯಲ್ಲೇ ಉಳಿದ. 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಮುಗಳನ್ನೂ ಕಿತ್ತುಹಾಕಿ, ಬೇಸಾಯ ಮಾಡದವರಿಗೂ ಕೃಷಿ ಜಮೀನಿನ ಬಾಗಿಲು ತೆರೆದರು. ಕೊಡಗಿನಲ್ಲಿ ಭತ್ತದ ಗದ್ದೆಗೆ ಉಳಿದಿದ್ದ ಬೇಲಿಯೂ ಆ ದಿನ ಬಿತ್ತು. ಪುತ್ತರಿ ಹಬ್ಬ ಹೊಸ ಭತ್ತದ ಹಬ್ಬ. ಗದ್ದೆ ಪಾಳುಬಿದ್ದ, ಮಾರಿದ, ಸೈಟು ಮಾಡಿದ ಮನೆಗಳವರು ಕದಿರು ಕೊಯ್ಯಲು ಇನ್ನೊಬ್ಬರ ಗದ್ದೆಗೆ ಹೋಗುತ್ತಾರೆ. ಕೋವಿಯ ಗುಂಡು ಮಾತ್ರ ಮೊದಲಿನಷ್ಟೇ ಜೋರಾಗಿ ಹಾರುತ್ತದೆ.

ಇನ್ನು ಕೊಡಗಿನದ್ದೇ ದಿಡ್ಡಳ್ಳಿ. 2016ರ ಡಿಸೆಂಬರಿನಲ್ಲಿ, ಹೊಸ ವರ್ಷದ ಬುಕಿಂಗಿನ ಭರಾಟೆ ನಡೆಯುವ ತಿಂಗಳಿನಲ್ಲೇ, ಲೈನ್ ಮನೆ ಬಿಟ್ಟು ಬಂದು ಸ್ವಂತ ಗುಡಿಸಲು ಹಾಕಿಕೊಂಡಿದ್ದ 577 ಆದಿವಾಸಿ ಕುಟುಂಬಗಳ ಮೇಲೆ ಅರಣ್ಯ ಇಲಾಖೆ ಜೆಸಿಬಿ ನುಗ್ಗಿಸಿತು. ಅರಣ್ಯ ಒತ್ತುವರಿ ಎಂಬುದು ಅವರ ಮೇಲಿನ ಆರೋಪ. ಪೈಸಾರಿ, ಅಂದರೆ ಸರ್ಕಾರಿ ಪಾಳು ಜಾಗ ಎಂದು ಆದಿವಾಸಿಗಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಚಳಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮರದಡಿ ಕೂತರು, ಅನ್ನ ಬೇಯಿಸಿದರು, ಹೋರಾಡಿದರು. ನಾಡಿನ ಮೂಲೆಮೂಲೆಯಿಂದ ಜನ ಮಡಿಕೇರಿಗೆ ನಡೆದರು. ಕೊನೆಗೆ ಸರ್ಕಾರ ಅವರನ್ನು ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಸಾಗಿಸಿತು. ಹುಟ್ಟಿದ ಕಾಡಂಚಿನಿಂದ ಎತ್ತಿ ಗುರುತು ಪರಿಚಯವಿಲ್ಲದ ಜಾಗದಲ್ಲಿ ಸೈಟು ಕೊಟ್ಟಿತು. ಅದೂ ಹೋರಾಟದ ಗೆಲುವೇ, ಅಲ್ಲವೆನ್ನಲಾರೆ. ಆದರೆ ಗೆಲುವನ್ನು ಇಷ್ಟು ದೂರಕ್ಕೆ ಒಯ್ದು ಕೊಡುವ ಔದಾರ್ಯ ಈ ರಾಜ್ಯದಲ್ಲಿ ಬಡವರಿಗೆ ಮಾತ್ರ ಮೀಸಲು.

ಒತ್ತುವರಿ ಅಪರಾಧ ಎಂದಿರಲ್ಲ? ಹಾಗಾದರೆ ಇದನ್ನು ಕೇಳಿ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ, ಮೆಣಸು ಹಾಕಿದವರಿಗೆ ಅದೇ ಜಮೀನನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಇದೇ ಸರ್ಕಾರಗಳು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದವು, ನಿಯಮ ಮಾಡಿದವು. ಒಂದು ಪಕ್ಷ ಕಾಯ್ದೆ ಮಾಡಿತು, ಇನ್ನೊಂದು ಪಕ್ಷ ಬಂದು ಅರ್ಜಿ ಕರೆಯಿತು. ಇಷ್ಟು ಒಗ್ಗಟ್ಟು ವಿಧಾನಸೌಧದಲ್ಲಿ ಬೇರೆ ಯಾವ ವಿಷಯಕ್ಕೆ ಕಂಡಿದ್ದೀರಿ? ಇಪ್ಪತ್ತೈದು ಎಕರೆ ಒತ್ತಿದವನು ಬೆಳೆಗಾರ. ಹತ್ತಡಿ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಸಿ ಮಲಗಿದವಳು ಅತಿಕ್ರಮಣಕಾರ್ತಿ. ಇಲ್ಲಿ ಕಾನೂನಿಗೆ ಕಣ್ಣಿಲ್ಲ ಎಂದು ಯಾರೂ ಹೇಳಬೇಡಿ. ಚೆನ್ನಾಗಿಯೇ ಇದೆ, ಎಕರೆ ಎಣಿಸುವಷ್ಟು ಸೂಕ್ಷ್ಮವಾಗಿದೆ.

ಹಬ್ಬಕ್ಕೂ ಈ ವ್ಯಾಪಾರಕ್ಕೂ ನಂಟು ಹೋಮ್‌ಸ್ಟೇ ಬಂದ ಮೇಲೆ ಹುಟ್ಟಿದ್ದಲ್ಲ. ಗಡಿ ದಾಟಿದರೆ ವಯನಾಡಿನ ಮಾನಂದವಾಡಿ ಹತ್ತಿರ ವಳ್ಳಿಯೂರ್‌ಕಾವ್ ಭಗವತಿಯ ಗುಡಿಯಿದೆ. ಮಾರ್ಚಿನಲ್ಲಿ ಅಲ್ಲಿ ಉತ್ಸವ. ಹಿಂದೆ ಆ ಉತ್ಸವದ ಬಯಲಿನಲ್ಲೇ ಜಮೀನುದಾರರು ಪಣಿಯ, ಅಡಿಯ ಜನರನ್ನು ಮುಂದಿನ ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದರು. ದೇವಿಯ ಎದುರು ಒಪ್ಪಿಕೊಂಡ ಮಾತು, ಮುರಿಯುವ ಧೈರ್ಯ ಯಾರಿಗಿತ್ತು? ಆ ಅಡಿಯರ ನಂಟರೇ ನಮ್ಮ ತೋಟಗಳ ಯರವರು. 1976ರಲ್ಲಿ ಜೀತ ರದ್ದಾಯಿತು. ಆದರೆ ಇರಲು ಮನೆ ಕೊಟ್ಟು ಆ ಮನೆಯ ಮೂಲಕವೇ ಆಳನ್ನು ಹಿಡಿದಿಡುವ ಉಪಾಯಕ್ಕೆ ಯಾವ ಕಾಯ್ದೆಯೂ ಕೈ ಹಾಕಲಿಲ್ಲ.

ಆದಿವಾಸಿಗಳಿಗೂ ಒಂದು ಹಬ್ಬವಿದೆ, ಅದನ್ನು ದಸರಾ ಸಮಿತಿಯವರು ಕಲಿಯಬೇಕು. ಮೇ ತಿಂಗಳಿನಲ್ಲಿ ಗೋಣಿಕೊಪ್ಪ ಕಡೆಯ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬ. ಗಂಡಸರು ಸೀರೆ ರವಿಕೆ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಡಬ್ಬ ಬುರುಡೆ ಬಾರಿಸುತ್ತ ಪೇಟೆಯಲ್ಲೆಲ್ಲ ಸುತ್ತುತ್ತಾರೆ. ಎದುರು ಸಿಕ್ಕವರನ್ನೆಲ್ಲ ಬಾಯಿಗೆ ಬಂದಂತೆ ಬೈದು ಕಾಸು ಕೇಳುತ್ತಾರೆ. ಕಾರಿನವನನ್ನೂ ಬೈಯುತ್ತಾರೆ, ಪೊಲೀಸನನ್ನೂ ಬೈಯುತ್ತಾರೆ, ಕೊನೆಗೆ ದೇವರನ್ನೇ ಬೈಯುತ್ತಾರೆ. ತಮ್ಮನ್ನು ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಗೆ ಮನಸೋತು ತಮ್ಮನ್ನು ನಡುಗಾಡಿನಲ್ಲಿ ಬಿಟ್ಟುಹೋದನೆಂಬುದು ಅವರ ಸಿಟ್ಟು. ನಂಬಿದವನು ಕೈಬಿಟ್ಟರೆ ದೇವರಾದರೂ ಬೈಗುಳಕ್ಕೆ ಅರ್ಹ: ಇಷ್ಟು ನೇರವಾದ ನ್ಯಾಯ ಯಾವ ಪುರಾಣದಲ್ಲಿದೆ? ಪೇಟೆಯ ಜನ ಅದನ್ನು ನಗುತ್ತ ನೋಡುತ್ತಾರೆ, ವಿಡಿಯೊ ಮಾಡುತ್ತಾರೆ, ವಿಚಿತ್ರ ಹಬ್ಬ ಎಂದು ಪತ್ರಿಕೆಗಳು ವರ್ಷಕ್ಕೊಮ್ಮೆ ಪೆಟ್ಟಿಗೆ ಸುದ್ದಿ ಹಾಕುತ್ತವೆ. ಬೈಗುಳದೊಳಗಿನ ದೂರು ಯಾರಿಗೂ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಗಂಡಸರು ಸೀರೆ ಕಳಚಿ ಮೆಣಸಿನ ಏಣಿ ಹತ್ತಬೇಕು, ಧಣಿಗೆ ತಲೆಬಾಗಿ ಸಂಜೆ ಲೈನ್ ಮನೆಗೆ ಮರಳಬೇಕು. ವರ್ಷಕ್ಕೊಂದು ದಿನ ಬೈಯಲು ಬಿಟ್ಟು ಉಳಿದ ದಿನ ಬಾಯಿ ಮುಚ್ಚಿಸುವುದು ಈ ವ್ಯವಸ್ಥೆಗೆ ಎಷ್ಟು ಅಗ್ಗದ ಖರ್ಚು!

‘ಪ್ರವಾಸೋದ್ಯಮ ಬಂದದ್ದರಿಂದಲೇ ಬಡವರಿಗೂ ಕೆಲಸ ಸಿಕ್ಕಿತು’ ಎನ್ನುವವರಿಗೆ ಒಂದು ಮಾತು. ಕೆಲಸ ಸಿಕ್ಕಿತು, ನಿಜ. ಕೆಲಸ ಸಿಕ್ಕ ಊರಿನಲ್ಲೇ ಮಲಗಲು ಜಾಗ ಕಳೆದುಕೊಂಡದ್ದೂ ಅಷ್ಟೇ ನಿಜ. ಇದು ಕೊಡಗೊಂದರ ಪಾಡೂ ಅಲ್ಲ. 2011ರ ಜನಗಣತಿ ದೇಶದ ನಗರಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳು ಖಾಲಿ ಬಿದ್ದಿವೆ ಎಂದಿತು. ಮರುವರ್ಷ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ, ಅದರ ಬಹುಪಾಲು ಬಡವರದ್ದೇ ಎಂದಿತು. ಖಾಲಿ ಮನೆ ಒಂದು ಕಡೆ, ಮನೆಯಿಲ್ಲದವರು ಇನ್ನೊಂದು ಕಡೆ, ನಡುವೆ ದಲ್ಲಾಳಿ. ಮಡಿಕೇರಿಯ ವಿಶೇಷವೆಂದರೆ ಇಲ್ಲಿ ಆ ಖಾಲಿ ಮನೆಗೆ ಹಬ್ಬದ ದಿನ ಸೀರಿಯಲ್ ಲೈಟು ಹಾಕುತ್ತಾರೆ.

ಕೊಡವರಿಗೂ ಇತರರಿಗೂ ಜಗಳ ಹಚ್ಚುವ ಬರಹ ಇದೆಂದು ಯಾರಾದರೂ ಎನ್ನಬಹುದು. ಅವರಿಗೆ ಹೇಳುತ್ತೇನೆ: ಕುಲದ ಮೂಲಮನೆಯಾದ ಐನ್‌ಮನೆಯ ಹೆಂಚು ಬದಲಿಸಲು ಕಾಸಿಲ್ಲದ ಕೊಡವರೂ ಇದ್ದಾರೆ, ದಲ್ಲಾಳಿಯ ಕಣ್ಣು ಅವರ ಗದ್ದೆಯ ಮೇಲೂ ಇದೆ. ಲೈನ್ ಮನೆಯ ಧಣಿಗಳಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಕಂಪನಿಗಳೂ ಇವೆ. ನನ್ನ ಸಿಟ್ಟು ಒಂದು ಸಮುದಾಯದ ಮೇಲಲ್ಲ. ನೆಲವನ್ನು ರಾತ್ರಿಯ ಲೆಕ್ಕದಲ್ಲಿ ಮಾರುವವರ ಮೇಲೆ, ಅವರಿಗೆ ಕಾನೂನು ಬರೆದುಕೊಡುವವರ ಮೇಲೆ.

ದಸರಾಕ್ಕೆ ಮಡಿಕೇರಿಯಲ್ಲಿ ಕೋಣೆ ಕಾದಿರಿಸುವ ಬೆಂಗಳೂರಿನ, ಮೈಸೂರಿನ ಓದುಗರೇ, ನಿಮ್ಮನ್ನು ಬರಬೇಡಿ ಎನ್ನುತ್ತಿಲ್ಲ. ಬನ್ನಿ, ಕರಗ ನೋಡಿ, ಮಂಟಪ ನೋಡಿ. ಬುಕಿಂಗ್ ಮಾಡುವಾಗ ವೈಫೈ ಇದೆಯೇ, ಕ್ಯಾಂಪ್‌ಫೈರ್ ಇದೆಯೇ ಎಂದು ಕೇಳುತ್ತೀರಲ್ಲ, ಜೊತೆಗೆ ಇನ್ನೊಂದನ್ನು ಕೇಳಿ: ಈ ಮನೆಯಲ್ಲಿ ನೀವು ವಾಸವಿದ್ದೀರಾ? ಕೋಣೆ ಗುಡಿಸುವವರು ರಾತ್ರಿ ಎಲ್ಲಿ ಮಲಗುತ್ತಾರೆ? ಉತ್ತರ ತೊದಲಿದರೆ ಬೇರೆ ಮನೆ ಹುಡುಕಿ.

ಸರ್ಕಾರಕ್ಕೆ ಕೇಳುವುದು ಇನ್ನೂ ಸುಲಭದ್ದು. ‘ವಾಸಿಸುವವನೇ ನೆಲದೊಡೆಯ’ ಎಂದು ಭೂಸುಧಾರಣಾ ಕಾಯ್ದೆಗೆ 38ಎ ಕಲಮು ಸೇರಿಸಿ, 2017ರಿಂದ ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳ ಜನಕ್ಕೆ ಮನೆಯಡಿಯ ನೆಲದ ಹಕ್ಕು ಕೊಡುವ ದಾರಿ ಮಾಡಿದ್ದೀರಿ. 2023ರ ಜನವರಿಯಲ್ಲಿ ಕಲಬುರಗಿಯ ಮಳಖೇಡದಲ್ಲಿ ಪ್ರಧಾನಿಯನ್ನೇ ಕರೆಸಿ 50 ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಡಿಸಿ ದಾಖಲೆ ಬರೆದಿರಿ. ಸಂತೋಷ. ಅದೇ ಕಾನೂನನ್ನು ತೋಟದ ಗೇಟಿನೊಳಗೆ ಬಿಡಿ, 104ನೇ ಕಲಮಿಗೆ ಒಂದು ಸಾಲಿನ ತಿದ್ದುಪಡಿ ಸಾಕು. ಒತ್ತುವರಿದಾರನಿಗೆ 25 ಎಕರೆ ಕೊಡುವ ಮೊದಲು ಅದೇ ತೋಟದ ಲೈನ್ ಮನೆಯ ಕೋಣೆಯನ್ನು ಅಲ್ಲಿ ಬಾಳುವವಳ ಹೆಸರಿಗೆ ಬರೆಯಿರಿ.